ಎರಡು ತಿಂಗಳು ಯಾರೂ ಮುಟ್ಟದ ಡಬ್ಬಿ

ಆ ದಿನ ಬೆಳಿಗ್ಗೆ ನಾನು ಪತ್ರೊಡೆಗೆಂದು ಕೆಸುವಿನ ಎಲೆಗೆ ಹಿಟ್ಟು ಹಚ್ಚುತ್ತಿದ್ದೆ. ಆಟಿ ತಿಂಗಳಲ್ಲಿ, ಎಂದರೆ ತುಳುವರ ಆಷಾಢದಲ್ಲಿ, ಒಮ್ಮೆಯಾದರೂ ಪತ್ರೊಡೆ ಆಗದಿದ್ದರೆ ನನಗೆ ಮಳೆಗಾಲ ಬಂದ ಹಾಗೆಯೇ ಅನಿಸುವುದಿಲ್ಲ. ಎಲೆಯ ಬೆನ್ನು ಮೇಲೆ ಬರುವಂತೆ ಹಾಸಿ, ಹಿಟ್ಟು ಹಚ್ಚಿ, ಅದರ ಮೇಲೆ ಇನ್ನೊಂದು ಎಲೆ ಇಟ್ಟು, ಮತ್ತೆ ಹಿಟ್ಟು ಹಚ್ಚುತ್ತಾ ಕುಳಿತರೆ ಬಾಯಿಗೆ ತಾನಾಗಿ ದೇವರ ನಾಮ ಬರುತ್ತದೆ. ಎರಡೂ ಕೈ ಹಿಟ್ಟಿನಲ್ಲಿ ಇದ್ದಾಗಲೇ ಚಾವಡಿಯಲ್ಲಿ ಫೋನು ಹೊಡೆದುಕೊಂಡಿತು.

ನಮ್ಮವರು ಒಂದು ಕೈಯಲ್ಲಿ ಮೊಮ್ಮಗಳನ್ನು ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಫೋನು ತಂದು ನನ್ನ ಕಿವಿಗೆ ಒತ್ತಿದರು. ಮಗು ಅದನ್ನು ಕಸಿಯಲು ಕೈ ಚಾಚುತ್ತಿತ್ತು. ಆ ಕಡೆಯಿಂದ ಸೊಸೆ. ಬಲ್ಮಠದ ಆಫೀಸಿನಿಂದ.

"ಅತ್ತೆ, ನನ್ನ ಹಳೇ ಲ್ಯಾಪ್‌ಟಾಪ್ ಎಲ್ಲುಂಟು?"

"ಯಾವುದು ಮಗಾ?"

"ಮದುವೆಯಾಗಿ ಬರುವಾಗ ತಂದದ್ದು. ಕಪ್ಪು. ಮುಚ್ಚಳ ಸಡಿಲ ಆದದ್ದು."

"ಅದು ವಾಮಂಜೂರಿನಲ್ಲಿ ಉಂಟಲ್ಲ, ಅಕ್ಕನ ಮನೆಯಲ್ಲಿ. ನೀನೇ ಕೊಟ್ಟದ್ದು, ಭಜನೆ ಹಾಕ್ಲಿಕ್ಕೆ ಆಗ್ತದೆ ಅಂತ."



"ಅದನ್ನು ಯಾರಾದ್ರೂ ಫಾರ್ಮ್ಯಾಟ್ ಮಾಡಿದ್ದಾರಾ ಅತ್ತೆ? ಅಂದ್ರೆ, ಒಳಗೆ ಇದ್ದದ್ದನ್ನೆಲ್ಲ ತೆಗೆದು ಖಾಲಿ ಮಾಡುದು?"

"ನನಗೆಂತ ಗೊತ್ತು. ಎಂತ ಆಯ್ತು ನಿನಗೆ? ಸ್ವರ ಯಾಕೆ ಹಾಗೆ ಉಂಟು?"

"ಒಂದು ತಪ್ಪಾಗಿದೆ ಅತ್ತೆ. ಬೇರೆ ಯಾರದ್ದೂ ಅಲ್ಲ, ನನ್ನದೇ."

ಅವಳ ಕೆಲಸ ಎಂಥದ್ದೆಂದು ಇಲ್ಲಿ ಸ್ವಲ್ಪ ಹೇಳಬೇಕು. ಮೊದಲು ನನಗೂ ಗೊತ್ತಿರಲಿಲ್ಲ. ಕಂಪ್ಯೂಟರಿನ ಕೆಲಸ ಎಂದರೆ ಎಲ್ಲ ಒಂದೇ ಎಂದು ನಾನು ತಿಳಿದುಕೊಂಡಿದ್ದೆ. ಬೇಸಗೆಯ ಒಂದು ಸಂಜೆ ನಾನು ಮೀನಿನ ಸಾರಿನ ಮಸಾಲೆಗೆ ಮೆಣಸು, ಕೊತ್ತಂಬರಿ ಹುರಿಯುತ್ತಿದ್ದೆ. ಪುಡಿ ನಾನು ಮೂರು ಮನೆಗೆ ಮಾಡುತ್ತೇನೆ: ನಮಗೆ, ನನ್ನ ಅಕ್ಕನಿಗೆ, ತಮ್ಮನಿಗೆ. ಡಬ್ಬಿಗಳೆಲ್ಲ ನಮ್ಮ ಅಡಿಗೆಮನೆಯ ಕಪಾಟಿನಲ್ಲಿಯೇ ಇರುತ್ತವೆ. ಬೇಕಾದಾಗ ಬಂದು ತುಂಬಿಸಿಕೊಂಡು ಹೋಗುತ್ತಾರೆ. ಸೊಸೆ ಬಾಗಿಲಿಗೆ ಒರಗಿ ನಿಂತು ನೋಡಿ ನಕ್ಕಳು.

"ನನ್ನದೂ ಇದೇ ಕೆಲಸ ಅತ್ತೆ."

"ಮೆಣಸು ಹುರಿಯುದಾ?"

"ಅಲ್ಲ, ಕಪಾಟು ನೋಡಿಕೊಳ್ಳುದು. ನಮ್ಮಲ್ಲಿ ಬೇರೆಬೇರೆ ಟೀಮ್ ಉಂಟಲ್ಲ, ಪ್ರತಿಯೊಬ್ಬರೂ ಮಸಾಲೆ ಕುಟ್ಟುತ್ತಾ ಕೂತ್ರೆ ಅಡಿಗೆ ಯಾವಾಗ ಆಗುದು? ಹಾಗೆ ರೆಡಿ ಇರುವ ಪುಡಿಗಳನ್ನು ಒಂದೇ ಕಡೆ ಇಡ್ತೇವೆ. ಪ್ಯಾಕೇಜು ಅಂತಾರೆ ಅದಕ್ಕೆ. ಕೆಲವು ನಮ್ಮವರೇ ಮಾಡಿದ್ದು, ಕೆಲವು ಹೊರಗಿನಿಂದ ತಂದದ್ದು. ಹೊರಗಿನದ್ದಾದ್ರೆ ಹಾಳಾಗಿದೆಯಾ, ವಿಷ ಉಂಟಾ ನೋಡಿ ಒಳಗಿಡಬೇಕು. ಪ್ರತಿಯೊಂದಕ್ಕೂ ಒಂದು ನಂಬರು ಇರ್ತದೆ."

"ನಂಬರು ಯಾಕೆ?"

"ಈ ಸಲ ನೀವು ಒಂದು ಮೆಣಸು ಜಾಸ್ತಿ ಹಾಕಿದ್ರಿ ಅಂತ ಇಟ್ಕೊಳ್ಳಿ. ಹಳೇ ಡಬ್ಬಿಗೆ ಸುರಿಲಿಕ್ಕಿಲ್ಲ. ಹೊಸ ಡಬ್ಬಿ, ಹೊಸ ನಂಬರು. ಹಳೇ ರುಚಿಯೇ ಬೇಕು ಅಂತ ಹೇಳುವವರಿಗೆ ಹಳೇದೇ ಸಿಗಬೇಕಲ್ಲ."

ಅಂದಿನಿಂದ ನನಗೆ ಅವಳ ಕೆಲಸ ಉಗ್ರಾಣದ ಕೆಲಸ. ದೇವಸ್ಥಾನದ ಉಗ್ರಾಣದಲ್ಲಿ ಕುಳಿತವರನ್ನು ಯಾರೂ ನೋಡುವುದಿಲ್ಲ. ಬಡಿಸುವವರನ್ನು ನೋಡುತ್ತಾರೆ, ಅಡಿಗೆಯವರನ್ನು ಹೊಗಳುತ್ತಾರೆ. ಆದರೆ ಉಪ್ಪು ಎಲ್ಲಿದೆ ಎಂದು ಗೊತ್ತಿರುವುದು ಅವರಿಗೇ.

ಬಾಣಂತನ ಮುಗಿಸಿ ಅವಳು ಆಫೀಸಿಗೆ ತಿರುಗಿ ಹೋದದ್ದು ಈ ವರ್ಷ. ಹೋದ ಮೊದಲ ವಾರದಲ್ಲಿ ಅವಳಿಗೆ ಕೊಡುತ್ತಿದ್ದದ್ದು ಚಿಲ್ಲರೆ ಕೆಲಸಗಳೇ. ಮಗುವಿನ ತಾಯಿ, ಯಾವಾಗ ಬೇಕಾದರೂ ಓಡಬೇಕಾಗಬಹುದು ಎಂಬ ಲೆಕ್ಕ ಅವರದ್ದು. ಉಗ್ರಾಣವನ್ನು ಅವಳು ತಾನಾಗಿ ಕೇಳಿ ವಹಿಸಿಕೊಂಡಳು. ಆ ದಿನ ಸಂಜೆ ಮನೆಗೆ ಬಂದು, ಕೈಕಾಲು ತೊಳೆದು, ಮಗುವನ್ನೂ ಎತ್ತಿಕೊಳ್ಳದೆ ನೇರ ದೇವರ ಕೋಣೆಗೆ ಹೋಗಿ ದೀಪಕ್ಕೆ ಎಣ್ಣೆ ಹಾಕಿದ್ದಳು. ಹಾಗೆ ಮಾಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ನಾನು ನೋಡಿಯೂ ನೋಡದ ಹಾಗೆ ಇದ್ದೆ.

ಉಗ್ರಾಣ ತುಂಬಿ ತುಳುಕುತ್ತಿತ್ತಂತೆ. ಯಾವುದು ಬೇಕು, ಯಾವುದು ಬೇಡ ಎಂದು ಹೇಳುವವರಿಲ್ಲ. ಅವಳು ಒಂದು ನಿಯಮ ಮಾಡಿದಳು: ಎರಡು ತಿಂಗಳು ಯಾರೂ ಮುಟ್ಟದ ಡಬ್ಬಿ ತಾನಾಗಿ ಹೊರಗೆ ಹೋಗಬೇಕು. ದೊಡ್ಡವರು ಸರಿ ಎಂದರು. ಜಾಗ ಆಯಿತು, ಎಲ್ಲ ಬೇಗಬೇಗ ಸಿಗತೊಡಗಿತು. ಹೊಗಳಿದರು ಕೂಡ.

ಈಗ ಫೋನಿನಲ್ಲಿ ಅವಳು ಹೇಳಿದ್ದು ಇಷ್ಟು. ಅವರಲ್ಲಿ ಬೋಟಿನ ಟೀಮ್ ಎಂದು ಒಂದುಂಟು. ಬೋಟುಗಳಲ್ಲಿ ಒಂದು ಪೆಟ್ಟಿಗೆ ಕೂರಿಸಿದ್ದಾರೆ. ಅಪಾಯ ಬಂದರೆ ಕೆಂಪು ಗುಂಡಿ ಒತ್ತಿದರೆ ದಡಕ್ಕೆ ಸುದ್ದಿ ಬರುತ್ತದೆ. ಕಳೆದ ಸಲ ಕೆಲವು ಬೋಟುಗಳಲ್ಲಿ ಸುದ್ದಿ ತಡವಾಗಿ ಬಂದಿತ್ತು. ಅದನ್ನು ಸರಿ ಮಾಡಿದ ಹೊಸ ಸಾಫ್ಟ್‌ವೇರನ್ನು ಬೋಟುಗಳು ಕಡಲಿಗೆ ಇಳಿಯುವ ಮೊದಲು ಹಾಕಬೇಕು. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿಯುತ್ತಾ ಬಂದಿತ್ತು. ಇವತ್ತು ಸಂಜೆಯೊಳಗೆ ಅದು ಸಿದ್ಧವಾದರೆ ನಾಳೆಯಿಂದ ಬೋಟುಗಳನ್ನು ಕಟ್ಟುವ ಧಕ್ಕೆಗೆ ಹೋಗಿ ಬೋಟು ಬೋಟಿಗೆ ಹತ್ತಿ ಹಾಕಬಹುದು. ಬೆಳಿಗ್ಗೆ ಆ ಟೀಮಿನವರು ಉಗ್ರಾಣಕ್ಕೆ ಬಂದು ನೋಡಿದರೆ ಪೆಟ್ಟಿಗೆಯೊಂದಿಗೆ ಮಾತಾಡುವ ಪ್ಯಾಕೇಜೇ ಇಲ್ಲ.

"ರಜೆಯಲ್ಲಿ ಬೋಟೆಲ್ಲ ಕಟ್ಟಿ ಹಾಕಿರ್ತಾರೆ ಅಲ್ವಾ ಅತ್ತೆ. ಹಾಗೆ ರಜೆಗೆ ಎರಡು ವಾರ ಇರುವಾಗಲೇ ಆ ಟೀಮಿನವರನ್ನು ಬೇರೆ ಕೆಲಸಕ್ಕೆ ಹಾಕಿದ್ರು. ಎರಡು ತಿಂಗಳು ಅದನ್ನು ಯಾರೂ ಮುಟ್ಲಿಲ್ಲ. ನನ್ನ ನಿಯಮ ಅದನ್ನು ತೆಗೆದು ಹಾಕಿತು."

"ಇನ್ನೊಮ್ಮೆ ಮಾಡ್ಲಿಕ್ಕೆ ಆಗುದಿಲ್ವಾ?"

"ಪೆಟ್ಟಿಗೆ ಮಾಡಿದ ಕಂಪೆನಿಯವರು ಕೊಟ್ಟದ್ದು ಅದು. ಆ ಕಂಪೆನಿ ಬಾಗಿಲು ಹಾಕಿಯಾಗಿದೆ. ನಮ್ಮ ಬ್ಯಾಕಪ್ ಒಂದು ವಾರದ್ದು ಮಾತ್ರ ಇರುದು, ಅದೂ ದಾಟಿ ಹೋಯ್ತು. ಆ ಟೀಮಿನವರಿಗೆಲ್ಲ ಮೊನ್ನೆ ಹೊಸ ಲ್ಯಾಪ್‌ಟಾಪ್ ಕೊಟ್ಟು, ಹಳೇದನ್ನು ಒರಸಿ ಹಾಕಿದ್ರು. ಉಳಿದದ್ದು ನನ್ನದೊಂದೇ. ಕೊರೊನಾ ಟೈಮಲ್ಲಿ ನಾನು ಅದೇ ಟೀಮಿನಲ್ಲಿ, ಸ್ವಂತ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡಿದ್ದೆ. ಒಮ್ಮೆ ತಂದ ಪ್ಯಾಕೇಜಿನ ಒಂದು ಪ್ರತಿ ಒಳಗೆ ಉಳಿದಿರ್ತದೆ. ಉಳಿದಿದ್ರೆ."

"ಇಲ್ಲದಿದ್ರೆ?"

"ಇಲ್ಲದಿದ್ರೆ ಬೋಟು ಹಳೇದರಲ್ಲೇ ಹೋಗ್ತದೆ. ಉಗ್ರಾಣ ಬೇರೆಯವರಿಗೆ ಹೋಗ್ತದೆ. ನನಗೆ ಇನ್ನು ಇಂಥದ್ದು ಯಾರೂ ಕೊಡುದಿಲ್ಲ ಅತ್ತೆ."

ನನ್ನ ತಮ್ಮ ಬೋಟಿನಲ್ಲಿ ತಾಂಡೇಲ, ಎಂದರೆ ಬೋಟು ನಡೆಸುವವನು. ಅವನ ಬೋಟಿನಲ್ಲಿಯೂ ಆ ಪೆಟ್ಟಿಗೆ ಉಂಟು. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಇಬ್ಬರೂ ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ.

"ನೀನು ಅಲ್ಲೇ ಇರು. ನಾನು ತರ್ತೇನೆ," ಎಂದೆ.

ಕೈ ತೊಳೆಯುವಾಗ ಅಕ್ಕನಿಗೆ ಫೋನು ಮಾಡಲು ನಮ್ಮವರಿಗೆ ಹೇಳಿದೆ. ಹೊಡೆದುಕೊಂಡದ್ದೇ ಬಂತು. ಅಕ್ಕನ ಫೋನು ಒಂದು ಕಡೆ, ಅಕ್ಕ ಒಂದು ಕಡೆ.

"ಈ ಮಳೆಗೆ ನೀನು ಹೋಗುದಾ? ನಾನು ಹೋಗ್ತೇನೆ," ಎಂದರು ನಮ್ಮವರು.

"ನಿಮ್ಮ ಕೈಗೆ ಅಕ್ಕ ಕೊಡ್ಲಿಕ್ಕಿಲ್ಲ. ಮೊದಲು ಚಹಾ, ಮತ್ತೆ ಊಟ, ಮತ್ತೆ ಊರಿನ ಸುದ್ದಿ. ಸಂಜೆ ಆಗ್ತದೆ. ನೀವು ಮಗುವನ್ನು ನೋಡಿ."

"ಈ ಎಲೆ?"

"ಹಿಟ್ಟು ಫ್ರಿಜ್ಜಿನಲ್ಲಿಡಿ. ಎಲೆಯ ಮೇಲೆ ಒದ್ದೆ ಬಟ್ಟೆ ಹಾಕಿ. ಸಹಾಯ ಮಾಡ್ತೇನೆ ಅಂತ ಸುರುಳಿ ಸುತ್ಲಿಕ್ಕೆ ಹೋಗ್ಬೇಡಿ, ನಿಮಗೆ ಕೈ ತುರಿಸ್ತದೆ."

ಪಂಪ್‌ವೆಲ್ಲಿನಲ್ಲಿ ಫ್ಲೈಓವರಿನ ಅಡಿಯಲ್ಲಿ ನೀರು ನಿಂತಿತ್ತು. ರಿಕ್ಷಾದವನು ನಂತೂರಿನವರೆಗೆ ಬರಲು ಒಪ್ಪಿದ್ದೇ ಮೊದಲನೆಯ ಕೃಪೆ. ನನಗೆ ಹೀಗೊಂದು ಅಭ್ಯಾಸ ಉಂಟು. ದೊಡ್ಡ ವರ ಕೇಳಲು ನನಗೆ ಬಾಯಿ ಬರುವುದಿಲ್ಲ. ಸಿಕ್ಕಿದ ಸಣ್ಣಸಣ್ಣದ್ದನ್ನು ನೆನಪಿಟ್ಟುಕೊಂಡು ಸಂಜೆ ದೀಪದ ಮುಂದೆ ಹೇಳಿಬಿಡುತ್ತೇನೆ, ಇದು ನೀನು ಕೊಟ್ಟದ್ದು ಎಂದು ನನಗೆ ಗೊತ್ತಾಗಿದೆ ತಾಯಿ, ಎಂದು. ನಂತೂರಿನಲ್ಲಿ ಮೂಡುಬಿದಿರೆಯ ಬಸ್ಸು ಹೊರಟು ನಿಂತಿತ್ತು. ಕಂಡಕ್ಟರ್ ಕೈ ಹಿಡಿದು ಮೇಲೆ ಎಳೆದುಕೊಂಡ. ಅದೂ ಒಂದು.

ಬಸ್ಸಿನಲ್ಲಿ ಕುಳಿತ ಮೇಲೆ ಮಾತ್ರ ನನಗೆ ಹೆದರಿಕೆ ಶುರುವಾಯಿತು. ಅಕ್ಕ ಅಂಥ ಶುದ್ಧಗಾರ್ತಿ. ಅವಳ ಮನೆಯಲ್ಲಿ ಒಂದು ಖಾಲಿ ಬಾಟ್ಲಿ ಒಂದು ದಿನ ಉಳಿಯುವುದಿಲ್ಲ. ಅಂಥವಳು ಕಂಪ್ಯೂಟರಿನ ಒಳಗೆ ಮಾತ್ರ ಕಸ ಇಟ್ಟುಕೊಂಡಾಳೆಯೇ? ಕಿಟಕಿಯ ಗಾಜಿನಲ್ಲಿ ಮಳೆ ಇಳಿಯುವುದನ್ನು ನೋಡುತ್ತಾ, ತಾಯಿ, ಆ ಹುಡುಗಿಯ ಮುಖ ಬಾಡದ ಹಾಗೆ ನೋಡಿಕೋ ಎಂದೆ. ತಮ್ಮನ ಹೆಸರನ್ನು ಆಮೇಲೆ ಸೇರಿಸಿದೆ. ಯಾರನ್ನು ಮೊದಲು ಹೇಳಿದೆ ಎಂದು ನನಗೇ ಆಶ್ಚರ್ಯವಾಯಿತು.

ಅಕ್ಕನ ಮನೆಯ ಹಿಂದೆ ಮೊದಲು ಕಣ್ಣಿಗೆ ಕಾಣುವಷ್ಟು ದೂರ ಗದ್ದೆಯೇ ಇತ್ತು. ಈಗ ಕಾಲೇಜಿನ ಹುಡುಗರಿಗೆ ಬಾಡಿಗೆಗೆ ಕೊಡುವ ಮನೆಗಳು ಎದ್ದಿವೆ, ನಡುವೆ ಒಂದು ತುಂಡು ಗದ್ದೆ ಉಳಿದಿದೆ. ಅಕ್ಕ ಹಿತ್ತಿಲಿನಲ್ಲಿ ಕೊಡೆ ಹಿಡಿದುಕೊಂಡು ಬಸಳೆಯ ಚಪ್ಪರಕ್ಕೆ ಹಗ್ಗ ಕಟ್ಟುತ್ತಿದ್ದಳು.

"ಎಂತ ಮಾರಾಯ್ತಿ, ಈ ಮಳೆಗೆ? ಯಾರಿಗೆ ಎಂತ ಆಯ್ತು?"

"ಯಾರಿಗೂ ಎಂತ ಆಗ್ಲಿಲ್ಲ. ಸೊಸೆಯ ಲ್ಯಾಪ್‌ಟಾಪ್ ಬೇಕಿತ್ತು."

"ಕೊಟ್ಟದ್ದನ್ನು ವಾಪಸ್ ಕೇಳ್ಲಿಕ್ಕೆ ಬಂದದ್ದಾ ನೀನು? ಅದೂ ಆಟಿಯಲ್ಲಿ, ಕೈ ಬೀಸಿಕೊಂಡು, ಒಂದು ತುಂಡು ಪತ್ರೊಡೆ ಸಹಾ ಇಲ್ಲದೆ!"

"ಅಕ್ಕಾ, ತಮಾಷೆಗೆ ಪುರ್ಸೊತ್ತಿಲ್ಲ. ಅದನ್ನು ಯಾರಾದ್ರೂ ಖಾಲಿ ಮಾಡಿದ್ದಾರಾ? ಒಳಗಿದ್ದದ್ದನ್ನು?"

"ಮೊನ್ನೆ ಅಳಿಯ ಬಂದಿದ್ದ. ಅತ್ತೆ, ಇದು ಆಮೆ ಆಗಿದೆ, ಒಳಗೆ ಬರೀ ಕಸ ತುಂಬಿದೆ, ಪೂರಾ ಖಾಲಿ ಮಾಡಿ ಕೊಡ್ತೇನೆ ಅಂತ ಹೇಳಿ ಕೂತ."

"ಮತ್ತೆ?"

"ಮತ್ತೆಂತ? ನಾನು ಬಿಡ್ಬೇಕಲ್ಲ! ನನ್ನ ಕಸ ನನಗೇ ಇರ್ಲಿ, ನೀನು ನೀರುದೋಸೆ ತಿನ್ನು ಅಂದೆ. ಈ ಹುಡುಗರು ಸರಿ ಮಾಡಿದ ಮೇಲೆ ನನ್ನ ಭಜನೆ ಎಲ್ಲಿಗೆ ಹೋಗ್ತದೆ ಅಂತ ನನಗೆ ಗೊತ್ತಿಲ್ವಾ? ಟಿವಿ ಸರಿ ಮಾಡಿದ್ದು ನೆನಪುಂಟಲ್ಲ ನಿನಗೆ."

"ಮತ್ತೆ ನೀನಾಗಿ ಏನಾದ್ರೂ ತೆಗೆದಿದ್ದೀಯಾ?"

"ಅದು ದಿನಾ ಬೆಳಿಗ್ಗೆ ಕೇಳ್ತದೆ. ಜಾಗ ಇಲ್ಲ, ಬೇಡದ್ದನ್ನು ತೆಗೀಲಾ ಅಂತ. ನಾನು ದಿನಾ 'ಬೇಡ' ಒತ್ತುತ್ತೇನೆ. ಅದಕ್ಕೂ ಬೇಜಾರಿಲ್ಲ, ನನಗೂ ಬೇಜಾರಿಲ್ಲ."

ನನಗೆ ಅಲ್ಲಿಯೇ ಅವಳ ಕಾಲು ಹಿಡಿಯಬೇಕು ಅನಿಸಿತು. ಹಿಡಿದಿದ್ದರೆ ಜೀವಮಾನವಿಡೀ ಅದನ್ನೇ ಹೇಳುತ್ತಿದ್ದಳು. ಹಾಗಾಗಿ ಸುಮ್ಮನೆ ಒಳಗೆ ಹೋದೆ.

ದೇವರ ಕೋಣೆಯ ಬಾಗಿಲಿನ ಪಕ್ಕ, ಸ್ಟೂಲಿನ ಮೇಲೆ, ಕಸೂತಿ ಹಾಕಿದ ಬಟ್ಟೆಯ ಅಡಿಯಲ್ಲಿ ಲ್ಯಾಪ್‌ಟಾಪು ಕುಳಿತಿತ್ತು. ಮುಚ್ಚಳದ ಮೇಲೆ ಆಯುಧಪೂಜೆಗೆ ಹಚ್ಚಿದ ಗಂಧ, ಕುಂಕುಮ ಒಣಗಿ ಅಂಟಿಕೊಂಡಿತ್ತು. ಸಂಜೆ ಹೊತ್ತು ಆಚೀಚೆ ಮನೆಯ ಹೆಂಗಸರು ಸೇರುತ್ತಾರೆ. ಇದರಲ್ಲಿ ಹಾಡು ಹಾಕಿ, ಅದರೊಟ್ಟಿಗೆ ಹೇಳುತ್ತಾರೆ.

"ಇವತ್ತು ಸಂಜೆ ಎಂತ ಮಾಡುದು ನಾನು? ಬಾಯಿಯಲ್ಲಿ ಹಾಡಿದ್ರೆ ಬರುವ ನಾಲ್ಕು ಜನವೂ ಓಡ್ತಾರೆ," ಎಂದು ಅಕ್ಕ ಗೊಣಗುತ್ತಲೇ ತನ್ನ ಹಳೆಯ ಹತ್ತಿ ಸೀರೆಯಲ್ಲಿ ಅದನ್ನು ಸುತ್ತಿದಳು. ಅದರ ಮೇಲೆ ಅಕ್ಕಿಯ ಪ್ಲಾಸ್ಟಿಕ್ ಚೀಲ. ನಾನು ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಕೂಗಿದಳು. "ಏ, ಚಾರ್ಜರ್ ಬಿಟ್ಟೆ! ಅದಿಲ್ಲದಿದ್ರೆ ಅದು ಕಣ್ಣೇ ಬಿಡುದಿಲ್ಲ. ಮತ್ತೆ ಪತ್ರೊಡೆ ಎರಡು ಸುರುಳಿ. ಮರೆತ್ರೆ ನೋಡು."

ಎಷ್ಟೊಂದು ವಿಷಯ ಅವಳಿಗೆ ಹೇಳದೆ ಬಂದೆ ಎಂದು ಬಸ್ಸಿನಲ್ಲಿ ನೆನಪಾಯಿತು. ಅವಳೂ ಕೇಳಲಿಲ್ಲ. ಬೇಕು ಎಂದೆ, ಕೊಟ್ಟಳು.

ಸೊಸೆಯ ಆಫೀಸಿನ ಒಳಗೆ ನಾನು ಹೋದದ್ದು ಅದೇ ಮೊದಲು. ಗಾಜಿನ ಬಾಗಿಲಿನ ಹೊರಗೆ ಅಭ್ಯಾಸದ ಮೇಲೆ ಚಪ್ಪಲಿ ಬಿಟ್ಟೆ. ಒಳಗೆ ಹೋದ ಮೇಲೆ ನೆಲ ತಣ್ಣಗೆ ಕೊರೆಯಿತು, ಉಳಿದವರೆಲ್ಲ ಬೂಟಿನಲ್ಲಿದ್ದರು. ಒಂದು ಮೇಜಿನ ಸುತ್ತ ಎಲ್ಲ ನಿಂತಿದ್ದರು. ಸೊಸೆ ಕುಳಿತಿದ್ದಳು. ಬೆಳಿಗ್ಗೆ ಮುಡಿದುಕೊಂಡು ಹೋದ ಮಲ್ಲಿಗೆ ಇನ್ನೂ ಬಾಡಿರಲಿಲ್ಲ, ಮುಖ ಮಾತ್ರ ಬಾಡಿತ್ತು. ನನ್ನ ಸೆರಗಿನಿಂದ ನೀರು ಬೀಳುತ್ತಿದ್ದುದನ್ನು ಅವಳು ನೋಡಿದಳು, ಚೀಲ ತೆಗೆದುಕೊಂಡಳು.

ಅಕ್ಕಿಚೀಲ ತೆಗೆದು, ಸೀರೆ ಬಿಡಿಸಿ, ಕುಂಕುಮದ ಮುಚ್ಚಳ ಕಂಡಾಗ ಬೋಟಿನ ಟೀಮಿನವನು, ಗಡ್ಡ ಬಿಟ್ಟವನು, ತಡೆಯಲಾಗದೆ ಹೇಳಿಬಿಟ್ಟ: "ಇದಕ್ಕೆ ಪೂಜೆ ಬೇರೆ ಆಗಿದೆ ಮಾರ್ರೆ. ಇದರಲ್ಲಿ ಇಲ್ಲದಿದ್ರೆ ಇನ್ನೆಲ್ಲೂ ಇಲ್ಲ."

ಯಾರೋ ನಕ್ಕರು. ಸೊಸೆ ನಗಲಿಲ್ಲ. ಚಾರ್ಜರ್ ಸಿಕ್ಕಿಸಿ ಗುಂಡಿ ಒತ್ತಿದಳು. ಅದು ಕಣ್ಣು ಬಿಡಲು ತೆಗೆದುಕೊಂಡ ಹೊತ್ತಿನಲ್ಲಿ ನಾನು ಎರಡು ಸಲ ಇಡೀ ಪ್ರಾರ್ಥನೆ ಹೇಳಿಕೊಂಡೆ. ಕಣ್ಣು ಬಿಟ್ಟದ್ದೇ, ಅಕ್ಕ ನಿಲ್ಲಿಸಿದ್ದಲ್ಲಿಂದ ತಾಳ, ಹಾರ್ಮೋನಿಯಂ ಸಮೇತ ಭಜನೆ ಶುರುವಾಯಿತು. ಆ ದೊಡ್ಡ ಕೋಣೆ ತುಂಬ ಭಜನೆ! ಸೊಸೆ 'ಸಾರ್' ಎಂದು ಕರೆಯುವ ಹಿರಿಯರು ಕೈ ಅರ್ಧ ಜೋಡಿಸಿ, ಆಮೇಲೆ ಎಲ್ಲಿದ್ದೇನೆಂದು ನೆನಪಾಗಿ ಇಳಿಸಿದರು. ಅವಳು ಗಡಿಬಿಡಿಯಲ್ಲಿ ಸ್ವರ ಬಂದ್ ಮಾಡಿದಳು.

ಆಮೇಲೆ ಕಪ್ಪು ಪರದೆಯಲ್ಲಿ ಏನೇನೋ ಬರೆದಳು. ಅಕ್ಷರಗಳು ಓಡಿದವು, ನಿಂತವು. ಅವಳ ಬೆರಳೂ ನಿಂತಿತು.

"ಉಂಟು," ಎಂದಳು. ಅಷ್ಟೇ.

ಗಡ್ಡದವನು ಮೇಜಿಗೆ ಹೊಡೆದ. "ಕೊಡಿ, ಕೊಡಿ, ಈಗಲೇ ಹಾಕುವ!"

"ನಿಲ್ಲಿ," ಎಂದರು ಸಾರ್. "ಮೊದಲು ಅದನ್ನು ನಮ್ಮ ನೆಟ್‌ವರ್ಕಿಗೆ ಸಿಕ್ಕಿಸ್ಬೇಡಿ. ಪೆನ್‌ಡ್ರೈವಿನಲ್ಲಿ ಆ ಒಂದು ಫೈಲು ಮಾತ್ರ ತೆಗೀರಿ, ಸ್ಕ್ಯಾನ್ ಮಾಡಿ. ಮತ್ತೆ, ಇಷ್ಟು ವರ್ಷ ಎಲ್ಲೆಲ್ಲೋ ಇದ್ದ ಮೆಷಿನ್. ಇದು ಅದೇ ಫೈಲು ಅಂತ ಹೇಗೆ ಹೇಳ್ತೀರಿ? ಬೋಟಿನಲ್ಲಿ ಜನ ಇರ್ತಾರೆ."

ನನಗೆ ಆ ಮನುಷ್ಯನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕೊನೆಯ ಮಾತು ಕೇಳಿದಾಗ ತಮ್ಮನ ಮುಖ ಕಣ್ಣಿಗೆ ಬಂದು, ಸರಿಯಾಗಿ ಕೇಳಿದಿರಿ ಅನಿಸಿತು.

"ಬೆರಳಚ್ಚು ನೋಡ್ತೇನೆ ಸಾರ್," ಎಂದಳು ಸೊಸೆ. ನನಗೆ ಅರ್ಥವಾಗಲಿ ಎಂದೇ ಆ ಮಾತು ಬಳಸಿದಳೋ ಏನೋ. ಪ್ಯಾಕೇಜಿನ ಒಳಗಿರುವುದನ್ನೆಲ್ಲ ಲೆಕ್ಕ ಹಾಕಿ ಕಂಪ್ಯೂಟರು ಒಂದು ಉದ್ದದ ಗುರುತು ಕೊಡುತ್ತದಂತೆ, ಅಕ್ಷರ, ಅಂಕಿ ಬೆರೆಸಿ. ಒಳಗೆ ಒಂದು ಚುಕ್ಕೆ ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ಬೋಟಿನ ಟೀಮಿನವರು ಹಿಂದೆ ಆ ಪ್ಯಾಕೇಜನ್ನು ಬಳಸುವಾಗ ಅದರ ಗುರುತು ಅವರ ಕೆಲಸದ ಒಳಗೆ ಸೇರಿಕೊಂಡಿತ್ತು. ಪ್ಯಾಕೇಜು ಹೋದರೂ ಗುರುತು ಉಳಿದಿತ್ತು. ಎರಡೂ ಒಂದೇ ಆಗಬೇಕು.

"ಕಂಪ್ಯೂಟರೇ ಹೇಳ್ತದೆ, ಆದ್ರೂ ಒಮ್ಮೆ ಓದಿ," ಎಂದರು ಸಾರ್.

ಅವಳು ಓದತೊಡಗಿದಳು. ಗಡ್ಡದವನು ತನ್ನ ಪರದೆಯಲ್ಲಿ ಬೆರಳಿಟ್ಟುಕೊಂಡು 'ಹೌದು, ಹೌದು' ಎನ್ನುತ್ತಾ ಬಂದ. ಅವಳ ಸ್ವರ ಸ್ವಲ್ಪದರಲ್ಲೇ ನಾಮಾವಳಿ ಹೇಳುವ ಹಾಗೆ ಒಂದು ಲಯಕ್ಕೆ ಬಂತು. ನಾನು ಕಣ್ಣು ಮುಚ್ಚಿದ್ದೆ. ನಡುವೆ ಅವನ 'ಹೌದು' ನಿಂತುಹೋಯಿತು.

"ಎಂತ?" ಎಂದಳು ಅವಳು.

"ಸಾರಿ, ಸಾರಿ. ನನ್ನ ಬೆರಳು ಜಾರಿತು. ಸ್ವಲ್ಪ ಹಿಂದಿನಿಂದ ಹೇಳಿ."

"ನಿನ್ನ ಬೆರಳಿಗೆ ಬೆಂಕಿ ಬೀಳ!" ಎಂದು ತುಳುವಿನಲ್ಲಿ ಬೈದದ್ದು ನಾನು. ಮನಸ್ಸಿನಲ್ಲಿ ಹೇಳಿದೆ ಎಂದುಕೊಂಡಿದ್ದೆ. ಎಲ್ಲರೂ ನನ್ನ ಕಡೆ ತಿರುಗಿದರು. ಆ ಹೊತ್ತಿನಲ್ಲಿ ಸೊಸೆ ನಕ್ಕಳು, ಬೆಳಿಗ್ಗೆಯಿಂದ ಮೊದಲ ಸಲ ಇರಬೇಕು. ಸ್ವಲ್ಪ ಹಿಂದಿನಿಂದ ಓದಿದಳು. ಕೊನೆಯ ಅಕ್ಷರದವರೆಗೂ ಒಂದೇ ಆಗಿತ್ತು.

ಅದಾದ ಮೇಲೆ ಉಗ್ರಾಣದ ಒಳಗಿಟ್ಟದ್ದು, ಅಲ್ಲಿಂದ ಬೋಟಿನ ಟೀಮಿನವರು ತೆಗೆದುಕೊಂಡು ಹೊಸದನ್ನು ಕಟ್ಟಿದ್ದು, ಇದೆಲ್ಲ ನನಗೆ ತಿಳಿಯದು. ನನಗೊಂದು ಕುರ್ಚಿ ಕೊಟ್ಟು, ಕಾಗದದ ಲೋಟದಲ್ಲಿ ಕಾಫಿ ಕೊಟ್ಟರು. ಪರದೆಯಲ್ಲಿ ಕೆಂಪು ಇದ್ದದ್ದು ಹಸಿರಾಯಿತು, ಗಡ್ಡದವನು ಎದ್ದು ನಿಂತು ಎರಡೂ ಕೈ ಮೇಲೆತ್ತಿದ. ಆಗ ನನಗೂ ಅರ್ಥವಾಯಿತು.

ಎಲ್ಲರೂ ಚದುರಿದ ಮೇಲೂ ಸೊಸೆ ಏಳಲಿಲ್ಲ.

"ಸಾರ್, ಉಗ್ರಾಣ?" ಎಂದು ತಾನಾಗಿ ಕೇಳಿದಳು. ಆ ಶಬ್ದವನ್ನು ಅವಳು ಆಫೀಸಿನಲ್ಲಿಯೂ ಬಳಸುತ್ತಾಳೆಂದು ನನಗೆ ಗೊತ್ತಿರಲಿಲ್ಲ.

ಅವರು ಕನ್ನಡಕ ತೆಗೆದು ಒರಸಿಕೊಂಡರು. "ನಿಯಮ ತಂದದ್ದು ನೀವು, ಒಪ್ಪಿದ್ದು ನಾನು. ನಾನೂ ಇದೇ ಊರಿನವನು, ನನಗೂ ಬೋಟಿನ ರಜೆ ನೆನಪಾಗ್ಲಿಲ್ಲ. ಇನ್ನು ಮುಂದೆ ಯಾವುದನ್ನು ತೆಗೀಬೇಕಾದ್ರೂ ಇಬ್ಬರು ಹೂಂ ಅನ್ಬೇಕು. ಒಬ್ಬರು ನೀವು, ಇನ್ನೊಬ್ಬರು ಅದನ್ನು ಬಳಸುವ ಟೀಮಿನವರು. ತಾನಾಗಿ ಯಾವುದೂ ಹೋಗ್ಬಾರದು."

"ಒಬ್ಬರು ನಾನು ಅಂದ್ರೆ..."

"ನೀವೇ. ಮತ್ಯಾರು? ಈ ಪಾಠ ಇನ್ನೊಬ್ಬರಿಗೆ ಮೊದಲಿನಿಂದ ಕಲಿಸುವಷ್ಟು ಪುರ್ಸೊತ್ತು ನನಗಿಲ್ಲ."

ಅವಳು ನನ್ನನ್ನು ಬಿಡಲು ಕೆಳಗಿನ ಗೇಟಿನವರೆಗೆ ಬಂದಳು. ಮಳೆ ಹನಿಗೆ ಇಳಿದಿತ್ತು.

"ಬೇರೆಯವರಿಗೆ ನೆನಪಾಗದಿದ್ರೆ ಪರ್ವಾಗಿಲ್ಲ ಅತ್ತೆ. ನಿಮ್ಮ ಮನೆಗೆ ಬಂದ ಮೇಲೂ ನನಗೆ ನೆನಪಾಗ್ಲಿಲ್ಲ ನೋಡಿ. ಮಾವ ರಜೆಯಲ್ಲಿ ಮನೆಗೆ ಬಂದು ಊಟ ಮಾಡಿ ಹೋಗಿದ್ದಾರೆ, ಎದುರಿಗೆ ಕೂತು ಮಾತಾಡಿದ್ದೇನೆ." ಮಾವ ಎಂದರೆ ನನ್ನ ತಮ್ಮ. ಅವಳು ಗದ್ದೆ ತೋಟದವರ ಮನೆಯ ಮಗಳು. ಅವರಿಗೆ ಆಟಿ ಬೇರೆ, ನಮಗೆ ಆಟಿ ಎಂದರೆ ಬೋಟು ಕಟ್ಟಿ ಹಾಕುವ ತಿಂಗಳು.

"ನೀರಿನವರ ಮನೆಗೆ ಬಂದವಳಿಗೆ ಈಜು ಒಂದೇ ದಿನದಲ್ಲಿ ಬರ್ತದಾ," ಎಂದೆ. "ಊಟ ಮಾಡಿದ್ದೀಯಾ?"

"ಇಲ್ಲ."

"ಹೋಗು, ಮೊದಲು ಊಟ ಮಾಡು."

ಮನೆಗೆ ಬರುವಾಗ ನಮ್ಮವರು ಮಗುವನ್ನು ಮಲಗಿಸಿ ತಾವೂ ಪಕ್ಕದಲ್ಲೇ ನಿದ್ದೆ ಹೋಗಿದ್ದರು. ಎಲೆಯ ಮೇಲೆ ಹಾಕಿದ್ದ ಬಟ್ಟೆ ಅವರ ಹೊಸ ಟವೆಲು. ಹೋಗಲಿ. ಸೀರೆ ಬದಲಿಸಿ, ದೀಪ ಹಚ್ಚುವ ಹೊತ್ತಾದದ್ದರಿಂದ ದೇವರ ಕೋಣೆಗೆ ಹೋದೆ. ನಂತೂರಿಗೆ ಬಂದ ರಿಕ್ಷಾದವನು, ಕೈ ಕೊಟ್ಟ ಕಂಡಕ್ಟರು, ನೀರುದೋಸೆ ತಿಂದು ಸುಮ್ಮನಾದ ಅಕ್ಕನ ಅಳಿಯ, ದಿನಾ ಬೆಳಿಗ್ಗೆ ಅಕ್ಕ ಒತ್ತಿದ 'ಬೇಡ', ಮರೆಯದೆ ಬಂದ ಚಾರ್ಜರು, ಬೋಟಿನಲ್ಲಿ ಜನ ಇರುತ್ತಾರೆ ಎಂದು ಹೇಳಿದ ಆ ಸಾರ್. ಒಂದೊಂದಾಗಿ ಹೇಳಿದೆ. ಗಡ್ಡದವನಿಗೆ ಬೈದದ್ದನ್ನೂ ಹೇಳಿದೆ, ಅವನ ಬೆರಳಿಗೆ ಏನೂ ಆಗದಿರಲಿ ಎಂದೂ ಸೇರಿಸಿದೆ.

ಸೊಸೆ ಬಂದಾಗ ನಾನು ಎಲೆ ಸುರುಳಿ ಸುತ್ತಿ ದಾರ ಕಟ್ಟುತ್ತಿದ್ದೆ. ಮಗುವನ್ನು ಸೊಂಟಕ್ಕೇರಿಸಿಕೊಂಡು ಅವಳು ಅಡಿಗೆಮನೆಗೆ ಬಂದಳು. ನಾಳೆ ಬೆಳಿಗ್ಗೆ ಧಕ್ಕೆಗೆ ಅವಳೂ ಹೋಗುತ್ತಾಳಂತೆ, ಮೊದಲನೆಯ ಬೋಟಿಗೆ ಹಾಕುವಾಗ ನೋಡಬೇಕಂತೆ. ಲ್ಯಾಪ್‌ಟಾಪನ್ನು ನಾಡಿದ್ದು ಅಕ್ಕನಿಗೆ ತಾನೇ ಮುಟ್ಟಿಸುವುದಾಗಿ ಹೇಳಿದಳು. ಆಫೀಸಿಗೆ ಸೇರಿದ್ದನ್ನೆಲ್ಲ ಸಾರ್ ಎದುರಿಗೇ ತೆಗೆದು ಹಾಕಿದ್ದಾಳೆ, ಭಜನೆ ಮಾತ್ರ ಮುಟ್ಟಿಲ್ಲ.

"ಅಕ್ಕನನ್ನು ಕೇಳಿದ್ದೀಯಾ ತೆಗೆಯುವ ಮೊದಲು?"

"ಕೇಳಿದ್ದೇನೆ ಅತ್ತೆ! ಫೋನು ಮಾಡಿ ಕೇಳಿದ್ದೇನೆ. ಒಂದು ಗಂಟೆ ಮಾತಾಡಿದ್ರು."

ನನಗೆ ಬೆಲ್ಲ ಬೇಕಿತ್ತು, ಕಪಾಟಿನಿಂದ ತೆಗೆದುಕೊಡಲು ಹೇಳಿದೆ. ಅದರ ಎದುರಿಗೆ ಒಂದು ಡಬ್ಬಿ ಅಡ್ಡ ಇತ್ತು, ತುಂಬಿದ್ದು. ಅವಳು ಅದನ್ನು ಕೈಗೆತ್ತಿಕೊಂಡು ಮುಚ್ಚಳದ ಧೂಳು ನೋಡಿದಳು.

"ಇದು ಯಾರದ್ದು?"

"ತಮ್ಮನದ್ದು. ಮಸಾಲೆ ಪುಡಿ. ರಜೆಯಲ್ಲಿ ಅವನು ಐಸಿನ ಮೀನು ಮುಟ್ಟುದಿಲ್ಲ, ಪುಡಿಗೆ ಕೆಲಸ ಇಲ್ಲ. ಬೋಟು ಒಂದು ಸಲ ಹೋಗಿ ಬರ್ಲಿ, ಮರುದಿನವೇ ಬಂದು ತಗೊಂಡು ಹೋಗ್ತಾನೆ."

ಅವಳು ಸೆರಗಿನಿಂದ ಅದರ ಮುಚ್ಚಳ ಒರಸಿ, ಇದ್ದಲ್ಲಿಯೇ ಇಟ್ಟು, ಬೆಲ್ಲ ತೆಗೆದುಕೊಟ್ಟಳು. ನಾನು ಅಕ್ಕನ ಎರಡು ಸುರುಳಿಗಳಿಗೆ ಗುರುತಿಗೆಂದು ಎರಡೆರಡು ಗಂಟು ಹಾಕಿ, ಇಡ್ಲಿ ಪಾತ್ರೆಗೆ ನೀರು ಸುರಿದು, ಪತ್ರೊಡೆ ಬೇಯಲು ಇಟ್ಟೆ.